ಇಂಗ್ಲಿಷ್ ಮೇಷ್ಟ್ರು ಕನ್ನಡ ಕಲಿತ ದಾರಿ

ಮಂಗಳೂರಿನಿಂದ ಮಡಿಕೇರಿಗೆ ಹೊರಟ ಬಸ್ಸು ಬಂಟ್ವಾಳ ದಾಟಿ ಮಾಣಿಗೆ ಬಂದಾಗ ಬಲಕ್ಕೆ ಹೊರಳುತ್ತದೆ. ನೇರವಾಗಿ ಹೋಗುವ ರಸ್ತೆ ಉಪ್ಪಿನಂಗಡಿ, ಶಿರಾಡಿ ಘಾಟಿ ಹಿಡಿದು ಬೆಂಗಳೂರಿಗೆ. ಬಲಕ್ಕೆ ಹೊರಳಿದ್ದು ಕಬಕ, ಪುತ್ತೂರು, ಸುಳ್ಯ, ಅರಂತೋಡು, ಸಂಪಾಜೆ ಎಂದು ಒಂದೊಂದೇ ಊರನ್ನು ಹಿಂದಕ್ಕೆ ಹಾಕುತ್ತ, ಅಡಿಕೆ ತೋಟಗಳ ಸಂದಿಯಲ್ಲಿ ನುಸುಳಿ, ಕೊನೆಗೆ ಘಾಟಿ ಹತ್ತುತ್ತದೆ. ಒಟ್ಟು ಸುಮಾರು 140 ಕಿಲೋಮೀಟರ್. ಬಸ್ಸಿನಲ್ಲಿ ನಾಲ್ಕು ಗಂಟೆಯ ಆಚೀಚೆ. ಕಾಲೇಜಿಗೆ ಹೋಗುವ ಹುಡುಗರು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗುತ್ತಾರೆ. ಅಡಿಕೆಯ ಧಾರಣೆ ಮಾತಾಡುವ ಹಿರಿಯರು ಮಾತ್ರ ಎಚ್ಚರವಾಗಿರುತ್ತಾರೆ.

ಪರದೇಶದಿಂದ ಬಂದು ಈ ಜಿಲ್ಲೆಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟ ಮೊದಮೊದಲಿನ ಮೇಷ್ಟ್ರುಗಳ ಕತೆಗೂ ಈ ದಾರಿಗೂ ನಂಟಿದೆ. ಅವರು ಇಂಗ್ಲಿಷರಲ್ಲ, ಜರ್ಮನರು. ಇಂಗ್ಲಿಷ್ ಅವರಿಗೂ ಕಲಿತು ಬಂದ ಭಾಷೆ. ಪರದೇಶಕ್ಕೆ ಹೋಗಿ ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಈಗ ನಮ್ಮ ಊರುಗಳ ಯುವಕ ಯುವತಿಯರೂ ಅರ್ಜಿ ಹಾಕುತ್ತಾರೆ. ಅಲ್ಲಿ ಊಟ ಹೇಗೆ, ಭಾಷೆ ಹೇಗೆ, ರಜಾದಿನ ಕಳೆಯುವುದು ಹೇಗೆ ಎಂದು ಅಪ್ಪ ಅಮ್ಮಂದಿರು ಚಿಂತಿಸುತ್ತಾರೆ. ಅದೇ ಪ್ರಶ್ನೆಗಳನ್ನು ತಿರುಗಿಸಿ, ನಮ್ಮಲ್ಲಿಗೆ ಬಂದವರು ಹೇಗೆ ಬದುಕಿದರು ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ.

ಹರ್ಮನ್ ಮೊಗ್ಲಿಂಗ್ 1811ರಲ್ಲಿ ಜರ್ಮನಿಯ ವೂರ್ಟೆಂಬರ್ಗ್ ಸೀಮೆಯಲ್ಲಿ ಹುಟ್ಟಿದವರು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರ ಓದಿ, ಬಾಸೆಲ್ ಮಿಷನ್ ಸೇರಿ, 1836ರ ಕೊನೆಗೆ ಮಂಗಳೂರಿಗೆ ಬಂದರು. ಆಗ ವಯಸ್ಸು 25. ಈಗಿನ ಲೆಕ್ಕದಲ್ಲಿ ಬಿ.ಎಡ್. ಮುಗಿಸಿ ಮೊದಲ ನೇಮಕಾತಿಗೆ ಕಾಯುವ ವಯಸ್ಸು. ಬಾಸೆಲ್ ಮಿಷನ್ನಿನ ಮೊದಲ ತಂಡ ಮಂಗಳೂರಿನಲ್ಲಿ ಕೆಲಸ ಶುರುಮಾಡಿ ಆಗಿನ್ನೂ ಎರಡೇ ವರ್ಷವಾಗಿತ್ತು.

ಅವರ ಉದ್ದೇಶ ಮತಪ್ರಚಾರ. ಅದನ್ನು ಅವರು ಮುಚ್ಚಿಡಲಿಲ್ಲ, ಇಲ್ಲಿಯೂ ಮುಚ್ಚಿಡಬೇಕಾದ್ದಿಲ್ಲ. ಆದರೆ ಊರಿನವರಿಗೆ ಬೇಕಾಗಿದ್ದುದು ಇಂಗ್ಲಿಷ್. 1799ರಲ್ಲಿ ಟಿಪ್ಪು ಸುಲ್ತಾನರ ಪತನದ ಅನಂತರ ಕೆನರಾ ಜಿಲ್ಲೆ ಕಂಪನಿ ಸರಕಾರದ ಕೈಗೆ ಬಂದಿತ್ತು. ಕಚೇರಿಯ ಕೆಲಸ ಬೇಕಾದವನಿಗೆ ಇಂಗ್ಲಿಷ್ ಬೇಕಿತ್ತು. ಮಿಷನ್ನಿನವರು ಇಂಗ್ಲಿಷ್ ಶಾಲೆ ತೆರೆದಾಗ ಅನುಕೂಲಸ್ಥ ಮನೆಗಳ ಹುಡುಗರು ಬಂದರು. ಕಲಿಸುವವರಿಗೆ ಒಂದು ಗುರಿ, ಕಳಿಸುವವರಿಗೆ ಇನ್ನೊಂದು. ನಡುವೆ ಬೆಂಚಿನ ಮೇಲೆ ಮಕ್ಕಳು.

ಆ ತರಗತಿಯನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಬೇಕು. ಮೇಷ್ಟ್ರ ಮನೆಮಾತು ಜರ್ಮನ್. ಹುಡುಗರ ಮನೆಮಾತು ಕೊಂಕಣಿ ಅಥವಾ ತುಳು. ಪಾಠದ ಭಾಷೆ ಇಂಗ್ಲಿಷ್. ಬರವಣಿಗೆಗೂ ವ್ಯವಹಾರಕ್ಕೂ ಊರಿನಲ್ಲಿ ರೂಢಿಯಲ್ಲಿದ್ದದ್ದು ಕನ್ನಡ. ಅಂದರೆ ಇಂಗ್ಲಿಷೂ ಕನ್ನಡವೂ ಅಲ್ಲಿ ಯಾರ ಅಮ್ಮನ ಮಾತೂ ಅಲ್ಲ. ಮೇಷ್ಟ್ರೂ ಕಲಿಯುವವರೇ, ಹುಡುಗರೂ ಕಲಿಯುವವರೇ. ದಕ್ಷಿಣ ಕನ್ನಡದ ಕನ್ನಡಕ್ಕೆ ಪುಸ್ತಕದ ವಾಸನೆ ಇದೆ ಎಂದು ಘಟ್ಟದ ಮೇಲಿನವರು ಇಂದಿಗೂ ತಮಾಷೆ ಮಾಡುತ್ತಾರೆ. ಅದಕ್ಕೆ ಕಾರಣ ಇಷ್ಟೇ: ಇಲ್ಲಿ ಬಹಳ ಮನೆಗಳಲ್ಲಿ ಕನ್ನಡ ತೊಟ್ಟಿಲಿನಲ್ಲಿ ಬಂದದ್ದಲ್ಲ, ಶಾಲೆಯಲ್ಲಿ ಬಂದದ್ದು.

ಇಂಥ ಕಡೆ ಮೊಗ್ಲಿಂಗ್ ಆರಿಸಿಕೊಂಡ ದಾರಿ ಅವರ ಮೇಲಿನವರಿಗೇ ವಿಚಿತ್ರವಾಗಿ ಕಂಡಿತು. ಪರಂಗಿ ಸಾಹೇಬರು ಬಂಗಲೆಯಲ್ಲಿದ್ದು ಆಳುಕಾಳು ಇಟ್ಟುಕೊಳ್ಳುವುದು ಆಗಿನ ಪದ್ಧತಿ. ಮೊಗ್ಲಿಂಗ್ ಮಿಷನ್ನಿನ ಶಾಲೆಯ ಹುಡುಗರ ಜೊತೆ ಒಂದೇ ಸೂರಿನಡಿ ಉಳಿದು, ಅವರು ಉಣ್ಣುವುದನ್ನೇ ಉಂಡರು. ಮಿಷನ್ನಿನವರೆಲ್ಲ ದೇಶೀಯರಂತೆ ಸರಳವಾಗಿ ಬದುಕಬೇಕೆಂಬ ಅವರ ವಾದ ಬಾಸೆಲಿನ ಆಡಳಿತದವರಿಗೆ ರುಚಿಸಲಿಲ್ಲ. ಕುಚ್ಚಲಕ್ಕಿ ಅನ್ನದ ರುಚಿ ಹತ್ತಿದವರಿಗೆ ಅದರ ಸುಖ ಗೊತ್ತು, ಬಾಸೆಲಿನಲ್ಲಿ ಕುಳಿತವರಿಗೆ ತಿಳಿಯುವುದು ಹೇಗೆ? ತಮಾಷೆ ಇರಲಿ, ಭಾಷೆ ಕಲಿಯುವ ದೃಷ್ಟಿಯಿಂದ ಇದು ಬಹಳ ಜಾಣತನದ ನಡೆ. ಮುನ್ಶಿ ಹೇಳಿಕೊಡುವ ಕನ್ನಡ ವ್ಯಾಕರಣ ಶುದ್ಧವಾಗಿರುತ್ತದೆ. ಊಟದ ಪಂಕ್ತಿಯಲ್ಲಿ, ಬಾವಿಕಟ್ಟೆಯಲ್ಲಿ ಕಿವಿಗೆ ಬಿದ್ದದ್ದು ನಾಲಗೆಯ ಮೇಲೆ ನಿಲ್ಲುತ್ತದೆ.

ಅದರ ಫಲ ಕಂಡದ್ದು 1843ರ ಜುಲೈ 1ರಂದು. ಅಂದು ಹೊರಬಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ, ಮೊಗ್ಲಿಂಗ್ ಅದರ ಸಂಪಾದಕ. ಕಲ್ಲಚ್ಚಿನಲ್ಲಿ ಮುದ್ರಿಸಿದ ಪಾಕ್ಷಿಕ. ಊರ ವರ್ತಮಾನ, ಸರಕಾರದ ಆದೇಶಗಳು, ಪರರಾಜ್ಯಗಳ ಸುದ್ದಿ, ಕತೆ, ಗಾದೆ ಎಲ್ಲವೂ ಅದರಲ್ಲಿ ಇರುತ್ತಿತ್ತು. ಕರ್ನಾಟಕದಲ್ಲಿ ಪ್ರತಿವರ್ಷ ಜುಲೈ 1ರಂದು ಪತ್ರಿಕಾ ದಿನ ಆಚರಿಸುವುದು ಈ ಕಾರಣಕ್ಕೆ. ನೆಲಕ್ಕೆ ಕಾಲಿಟ್ಟ ಏಳನೆಯ ವರ್ಷದಲ್ಲಿ ಆ ನೆಲದ ಭಾಷೆಗೆ ಇಲ್ಲದ ಒಂದು ವಸ್ತುವನ್ನು ಮಾಡಿಕೊಟ್ಟವರು, ಮೊದಲ ದಿನ ನೀರು ಕೇಳಲು ಯಾವ ಮಾತು ಬಳಸಬೇಕೆಂದು ತಿಳಿಯದಿದ್ದವರು.

ಮರುವರ್ಷವೇ ಪೆಟ್ಟು ಬಿತ್ತು. 1844ರ ಆರಂಭದಲ್ಲಿ ಇಂಗ್ಲಿಷ್ ಶಾಲೆಯ ನಂಟಿನ ಮೂವರು ಸಾರಸ್ವತ ಯುವಕರು ಕ್ರೈಸ್ತರಾದರು. ಅವರಲ್ಲಿ ಆನಂದರಾವ್ ಕೌಂಡಿನ್ಯ ಹೆಚ್ಚು ಹೆಸರಾದವರು. ಊರಿನಲ್ಲಿ ದೊಡ್ಡ ಗದ್ದಲವೆದ್ದಿತು, ಅನೇಕ ತಂದೆತಾಯಿಗಳು ಮಕ್ಕಳನ್ನು ಶಾಲೆ ಬಿಡಿಸಿದರು. ಪತ್ರಿಕೆಯೂ ಅದೇ ವರ್ಷ ಮಂಗಳೂರು ಬಿಟ್ಟು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಈ ಪ್ರಸಂಗವನ್ನು ಒಂದು ಪಕ್ಷದ ಮಾತಾಗಿ ಹೇಳುವವರೇ ಹೆಚ್ಚು. ಮೇಷ್ಟ್ರ ಕಡೆಯಿಂದ ನೋಡಿದರೆ ಇಚ್ಛೆಪಟ್ಟು ಬಂದ ಶಿಷ್ಯರು. ತಾಯಂದಿರ ಕಡೆಯಿಂದ ನೋಡಿದರೆ, ಇಂಗ್ಲಿಷ್ ಕಲಿತು ಬಾ ಎಂದು ಬೆಳಿಗ್ಗೆ ಕಳಿಸಿದ ಮಗ ಸಂಜೆ ಮನೆಯವನಾಗಿ ಉಳಿಯಲಿಲ್ಲ. ಎರಡೂ ನಿಜ. ಶಾಲೆಗೆ ಮಗುವನ್ನು ಕಳಿಸುವುದೆಂದರೆ ಒಂದು ನಂಬಿಕೆಯನ್ನು ಕೈದಾಟಿಸುವುದು. ಮಂಗಳೂರಿನ ನಾಗರಿಕರು ತಮ್ಮ ಊರಿಗೆ ಸರಕಾರದ್ದೇ ಇಂಗ್ಲಿಷ್ ಶಾಲೆ ಬೇಕೆಂದು 1866ರ ಹೊತ್ತಿಗೆ 65,000 ರೂಪಾಯಿ ವಂತಿಗೆ ಎತ್ತಿದರು, 1868ರಲ್ಲಿ ಶಾಲೆ ಬಂತು. ಹಂಪನಕಟ್ಟೆಯ ಈಗಿನ ವಿಶ್ವವಿದ್ಯಾನಿಲಯ ಕಾಲೇಜು ಅದರ ಮುಂದುವರಿಕೆ. ಆ ಕಾಲಕ್ಕೆ ಅಷ್ಟು ಹಣವನ್ನು ಒಂದು ಊರು ಒಟ್ಟುಮಾಡಿತೆಂದರೆ ಇಂಗ್ಲಿಷಿನ ಹಂಬಲ ಎಷ್ಟಿತ್ತು, ಅದರ ಜೊತೆಗಿದ್ದ ಭಯ ಎಷ್ಟಿತ್ತು ಎಂದು ಊಹಿಸಬಹುದು.

ಮೊಗ್ಲಿಂಗ್ ಮಾತ್ರ ಕನ್ನಡದ ಕೆಲಸ ಬಿಡಲಿಲ್ಲ. ಗಾದೆಗಳನ್ನು ಸಂಗ್ರಹಿಸಿದರು. 1850ರಲ್ಲಿ ದಾಸರ ಪದಗಳನ್ನು ಅಚ್ಚಿಗೆ ತಂದರು. ಬಾಯಿಂದ ಬಾಯಿಗೆ, ಓಲೆಗರಿಯಿಂದ ಓಲೆಗರಿಗೆ ನಡೆದು ಬಂದ ಹಾಡುಗಳು ಮುದ್ರಣ ಕಂಡದ್ದು ಪಾದ್ರಿಯೊಬ್ಬರ ಕೈಯಲ್ಲಿ. ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಹಣದ ನೆರವಿನಿಂದ ಜೈಮಿನಿ ಭಾರತ, ಬಸವ ಪುರಾಣ ಮೊದಲಾದವನ್ನು ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಹೊರತಂದರು. ಈ ಕೆಲಸಕ್ಕಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು.

ಪುತ್ತೂರು, ಸುಳ್ಯ ದಾಟಿ

1853ರಲ್ಲಿ ಸೋಮಯ್ಯ ಎಂಬ ಕೊಡವರೊಬ್ಬರ ಜೊತೆ ಮೊಗ್ಲಿಂಗ್ ಕೊಡಗಿಗೆ ಹೋದರು. ಮಂಗಳೂರಿನಿಂದ ಮಡಿಕೇರಿಗೆ ಹೆದ್ದಾರಿ ಆಗಲೂ ಪುತ್ತೂರು, ಸುಳ್ಯ, ಸಂಪಾಜೆಯ ಮೇಲೆಯೇ. ಪಾಣೆಮಂಗಳೂರಿನಲ್ಲಿ ನೇತ್ರಾವತಿಗೆ ಸೇತುವೆ ಬಂದದ್ದು 20ನೆಯ ಶತಮಾನದಲ್ಲಿ, ಅದುವರೆಗೆ ದೋಣಿ. ಮಳೆಗಾಲದಲ್ಲಿ ಈ ಸೀಮೆಯಲ್ಲಿ ಪ್ರಯಾಣ ಎಂಬ ಮಾತೇ ಇಲ್ಲ. ಮಿಷನ್ನಿನವರ ಸಂಚಾರವೆಲ್ಲ ಮಳೆ ಬಿಟ್ಟ ಮೇಲೆ, ಜಾತ್ರೆಗಳ ಕಾಲದಲ್ಲಿ. ವಾರಾಂತ್ಯದ ರಜೆ ಎಂಬುದು ಅವರಿಗಿರಲಿಲ್ಲ, ಪಾದ್ರಿಗೆ ಭಾನುವಾರವೇ ಹೆಚ್ಚು ಕೆಲಸ. ತಿರುಗಾಟವೆಂದರೆ ಶಾಲೆಗೆ ರಜೆ ಸಿಕ್ಕಾಗ, ಹಳ್ಳಿಯಿಂದ ಹಳ್ಳಿಗೆ.

ಅವರು ದಾಟಿದ ಪುತ್ತೂರು ಈಗ ನಗರಸಭೆಯ ಊರು. ಮಹಾಲಿಂಗೇಶ್ವರ ದೇವಸ್ಥಾನದ ಕೆರೆಯಲ್ಲಿ ಮುತ್ತು ಬೆಳೆದ ಕತೆಯಿಂದ ‘ಮುತ್ತೂರು’ ಪುತ್ತೂರಾಯಿತು ಎಂದು ಹಿರಿಯರು ಹೇಳುತ್ತಾರೆ. ಏಪ್ರಿಲ್ ತಿಂಗಳ ಜಾತ್ರೆಯಲ್ಲಿ 17ನೆಯ ತಾರೀಖಿನ ರಥೋತ್ಸವಕ್ಕೆ ಸುತ್ತಲಿನ ತಾಲೂಕುಗಳೆಲ್ಲ ಗದ್ದೆಯಲ್ಲಿ ನೆರೆಯುತ್ತವೆ. ಹೊರಗಿನಿಂದ ಬಂದ ಮೇಷ್ಟ್ರಿಗೆ ಈ ಊರು ಅರ್ಥವಾಗಬೇಕಾದರೆ ಅಂದು ಅಲ್ಲಿ ನಿಂತು ಕಿವಿಗೊಡಬೇಕು. ಐಸ್‌ಕ್ಯಾಂಡಿಯ ಗಾಡಿಯ ಮುಂದೆಯೇ ತುಳು, ಕನ್ನಡ, ಹವ್ಯಕ, ಕೊಂಕಣಿ, ಬ್ಯಾರಿ, ಮಲಯಾಳ ಎಲ್ಲವೂ ಕೇಳಿಸುತ್ತವೆ. ಮಾರುವವನು ಎಲ್ಲದಕ್ಕೂ ಉತ್ತರ ಕೊಡುತ್ತಾನೆ. ಅವನು ಯಾವ ಕೋರ್ಸಿಗೂ ಸೇರಿದವನಲ್ಲ.

ಮಳೆಯನ್ನೇ ತೆಗೆದುಕೊಳ್ಳಿ, ಇಲ್ಲಿ ಅದಕ್ಕಿಂತ ಹತ್ತಿರದ ವಸ್ತು ಬೇರೆ ಇಲ್ಲ. ಕನ್ನಡಕ್ಕೂ ಮಲಯಾಳಕ್ಕೂ ಇದು ಹೆಚ್ಚುಕಡಿಮೆ ಒಂದೇ ಮಾತು. ಕೊಂಕಣಿಗೆ ಪಾವ್ಸು. ತುಳುವಿಗೆ ಬರ್ಸ. ಮಳೆನಾಡಿನ ನಡುವಿನ ದ್ರಾವಿಡ ಭಾಷೆಯೊಂದು ಮಳೆಗೆ ಸಂಸ್ಕೃತದ ‘ವರ್ಷ’ವನ್ನು ತನ್ನ ನಾಲಗೆಗೆ ತಿದ್ದಿಕೊಂಡಿರುವುದು ಕುತೂಹಲದ ಸಂಗತಿ. ಪ್ರಾಣಿಶಾಸ್ತ್ರದಲ್ಲಿ ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುಕಾಲು, ಮನುಷ್ಯನ ತೋಳು ಇವುಗಳ ಎಲುಬುಗಳನ್ನು ಪಕ್ಕಪಕ್ಕ ಇಟ್ಟು ನೋಡುವುದಿಲ್ಲವೇ, ಹಾಗೆಯೇ ಮಾತುಗಳನ್ನು ಇಟ್ಟು ನೋಡಿದವರು ಫರ್ಡಿನಾಂಡ್ ಕಿಟ್ಟೆಲ್. ಮೊಗ್ಲಿಂಗ್ ಕೊಡಗಿಗೆ ಹೋದ 1853ರಲ್ಲೇ ಈ ನಾಡಿಗೆ ಬಂದ ಕಿಟ್ಟೆಲ್, ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಇದ್ದು, 1894ರಲ್ಲಿ ಪ್ರಕಟಿಸಿದ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಕನ್ನಡ ಮಾತಿನ ಪಕ್ಕದಲ್ಲೇ ತಮಿಳು, ತೆಲುಗು, ಮಲಯಾಳ, ತುಳು ರೂಪಗಳನ್ನೂ ಕೊಟ್ಟರು. ಸುಮಾರು 70,000 ಪದಗಳು. ಮುದ್ರಣ ಮಂಗಳೂರಿನಲ್ಲಿ. ಅಂಥ ನಿಘಂಟಿಗೆ ಬೇಕಾದ ಕಿವಿ ತಯಾರಾಗುವುದು ಇಂಥ ನಾಡಿನಲ್ಲಿ.

ಪುತ್ತೂರಿಗೆ ಬಂದವರು ಪರ್ಲಡ್ಕದ ಬಾಲವನ ನೋಡದೆ ಮುಂದೆ ಹೋಗಬಾರದು. ಶಿವರಾಮ ಕಾರಂತರು ಹಲವು ದಶಕ ಬದುಕಿದ ಜಾಗ. ಮಕ್ಕಳು ಆಡುತ್ತ, ನೋಡುತ್ತ, ಕೈಯಿಂದ ಮಾಡುತ್ತ ಕಲಿಯಬೇಕೆಂದು ಅವರು ಇಲ್ಲಿ ಪ್ರಯೋಗ ನಡೆಸಿದರು. ಮಕ್ಕಳಿಗಾಗಿ ‘ಬಾಲ ಪ್ರಪಂಚ’, ಮುಂದೆ ವಿಜ್ಞಾನದ ಸಂಪುಟಗಳನ್ನು ಕನ್ನಡದಲ್ಲಿ ಒಬ್ಬರೇ ಬರೆದರು. ವಿಜ್ಞಾನ ಇಂಗ್ಲಿಷಿನಲ್ಲಿ ಮಾತ್ರ ತಲೆಗೆ ಹೋಗುತ್ತದೆ ಎನ್ನುವ ಪೋಷಕರು ಆ ಸಂಪುಟಗಳನ್ನು ಒಮ್ಮೆ ತಿರುವಿ ನೋಡಲಿ.

ಅದೇ ಊರಿನಲ್ಲಿ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ ಇದೆ, 1986ರದ್ದು. ಅಡಿಕೆ ತೋಟದ ನೆರಳಿನಲ್ಲಿ ಬೆಳೆಯುವ ಕೊಕ್ಕೊ ಅಮೆರಿಕ ಖಂಡದಿಂದ ಬಂದ ಗಿಡ. ಹಾಗೆ ನೋಡಿದರೆ ಇಲ್ಲಿನ ದಿನಚರಿಯಲ್ಲಿ ಪರದೇಶದ ವಿದ್ಯೆ ಎಷ್ಟು ಬೆರೆತಿದೆ ಎಂಬುದಕ್ಕೆ ಜೂನ್, ಜುಲೈ ತಿಂಗಳ ಒಂದು ಭಾನುವಾರ ಸಾಕು. ಮಳೆ ಸ್ವಲ್ಪ ಹೊಳವಾದರೆ ಸಾಕು, ತೋಟಗಳಲ್ಲಿ ‘ಮದ್ದು ಬಿಡುವ’ ಗಡಿಬಿಡಿ. ಕೊಳೆರೋಗ ಬಾರದಂತೆ ಅಡಿಕೆ ಗೊನೆಗೆ ಸಿಂಪಡಿಸುವ ಈ ಮದ್ದು ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿ ಬಳ್ಳಿಗೆ ಬಳಸಿದ್ದನ್ನು ಅಡಿಕೆಗೆ ಹೊಂದಿಸಿಕೊಟ್ಟವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ನೂರು ವರ್ಷ ಕಳೆದಿದೆ. ಮರದ ತುದಿಯಲ್ಲಿರುವವನಿಗೆ ಫ್ರಾನ್ಸೂ ಗೊತ್ತಿಲ್ಲ, ಕೆನಡಾವೂ ಗೊತ್ತಿಲ್ಲ, ಮದ್ದಿನ ಹದ ಮಾತ್ರ ಸರಿಯಾಗಿ ಗೊತ್ತು. ಮನೆಯ ಮಾಡಿಗೆ ಹೊದಿಸಿದ ಕೆಂಪು ಹಂಚಿನ ಕತೆಯೂ ಅಷ್ಟೆ. 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು ಅದೇ ಬಾಸೆಲ್ ಮಿಷನ್.

ಪುತ್ತೂರಿನಿಂದ ಸುಳ್ಯಕ್ಕೆ 35 ಕಿಲೋಮೀಟರಿನಷ್ಟು. ತೋಟ ದಟ್ಟವಾಗುತ್ತದೆ, ಗುಡ್ಡ ಹತ್ತಿರವಾಗುತ್ತದೆ, ಪಯಸ್ವಿನಿ ಜೊತೆಗೂಡುತ್ತದೆ. ಈ ಅಮರ ಸುಳ್ಯ ಸೀಮೆ 1834ರವರೆಗೆ ಕೊಡಗಿನ ಅರಸರ ಕೈಯಲ್ಲಿತ್ತು. ಕಂಪನಿ ಸರಕಾರ ಕೊಡಗನ್ನು ಕಿತ್ತುಕೊಂಡು ಸುಳ್ಯವನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಧಾನ್ಯದಲ್ಲಿ ಕೊಡುತ್ತಿದ್ದ ಕಂದಾಯವನ್ನು ಹಣದಲ್ಲಿ ಕೊಡಬೇಕೆಂದಿತು. 1837ರಲ್ಲಿ ರೈತರು ದಂಗೆಯೆದ್ದರು. ಕೆದಂಬಾಡಿ ರಾಮಯ್ಯ ಗೌಡರು ಮುಂದಾಳು. ಬೆಳ್ಳಾರೆಯ ಖಜಾನೆ ವಶವಾಯಿತು. ಪುತ್ತೂರು, ಪಾಣೆಮಂಗಳೂರಿನ ದಾರಿ ಹಿಡಿದು ದಂಡು ಏಪ್ರಿಲ್ ಆರಂಭದಲ್ಲಿ ಮಂಗಳೂರನ್ನೇ ಹಿಡಿಯಿತು. ಮೊಗ್ಲಿಂಗ್ ಹಡಗಿನಿಂದ ಇಳಿದು ಆಗ ಕೆಲವೇ ತಿಂಗಳು. ದಂಗೆ ಬೇಗ ಅಡಗಿತು, ಮುಂದಾಳುಗಳನ್ನು ನೇಣಿಗೆ ಹಾಕಿದರು. ಇಂಗ್ಲಿಷ್ ಕಲಿಸುವವರು ಬಂದ ದಾರಿಯೂ ಇಂಗ್ಲಿಷರ ವಿರುದ್ಧ ಕತ್ತಿ ಹಿಡಿದವರು ಇಳಿದು ಬಂದ ದಾರಿಯೂ ಒಂದೇ. ಮಕ್ಕಳಿಗೆ ಇತಿಹಾಸ ಹೇಳುವವರು ಇದನ್ನು ಬಸ್ಸಿನಲ್ಲೇ ಹೇಳಬಹುದು.

ಸುಳ್ಯ ಈಗ ಕಾಲೇಜುಗಳ ಊರು. ಕುರುಂಜಿ ವೆಂಕಟರಮಣ ಗೌಡರು 1976ರಲ್ಲಿ ನೆಹರು ಸ್ಮಾರಕ ಕಾಲೇಜು ಶುರುಮಾಡಿದ ಮೇಲೆ ಆಯುರ್ವೇದ, ದಂತವೈದ್ಯ, ಎಂಜಿನಿಯರಿಂಗ್, ವೈದ್ಯಕೀಯ ಎಂದು ಒಂದರ ಹಿಂದೊಂದು ಬಂದವು. ಎಲ್ಲೆಲ್ಲಿಂದಲೋ ಬಂದ ವಿದ್ಯಾರ್ಥಿಗಳು, ಅಧ್ಯಾಪಕರು ಬಾಡಿಗೆಗೆ ಮನೆ ಹುಡುಕುತ್ತಾರೆ. ಅವರು ಮೊದಲು ಕಲಿಯುವುದು ‘ಉಂಟು’, ‘ಎಂತ’, ‘ಮಾರಾಯ್ರೇ’. ಇಲ್ಲಿನ ಗೌಡರ ಮನೆಗಳಲ್ಲಿ ಅರೆಭಾಷೆ. ಘಟ್ಟ ಹತ್ತಿದರೂ ಕೊಡಗಿನ ಈ ಅಂಚಿನಲ್ಲಿ ಅದೇ ಮಾತು ಕೇಳುತ್ತದೆ. ಅದಕ್ಕೊಂದು ಅಕಾಡೆಮಿಯೂ ಮಡಿಕೇರಿಯಲ್ಲಿ ಇದೆ. ಭಾಷೆಯ ಗಡಿ ಜಿಲ್ಲೆಯ ಗಡಿಯನ್ನು ಕೇಳಿ ನಿಂತದ್ದಲ್ಲ.

ಅರಂತೋಡಿನಿಂದ ಸ್ವಲ್ಪ ಒಳಗೆ ತೊಡಿಕಾನದ ಮಲ್ಲಿಕಾರ್ಜುನ ದೇವಸ್ಥಾನ, ಹೊಳೆಯಲ್ಲಿ ದೇವರ ಮೀನುಗಳು. ಭಾನುವಾರ ಮಕ್ಕಳನ್ನು ಕರೆದೊಯ್ಯಲು ಹೇಳಿ ಮಾಡಿಸಿದ ಜಾಗ. ಸಂಪಾಜೆಯಿಂದ ಏರು ಶುರು. ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಎಂದು ಪುಸ್ತಕದಲ್ಲಿದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ. ಸುಳ್ಯದಲ್ಲಿ ಬೆವರು ಒರೆಸಿಕೊಂಡವರು ಮಡಿಕೇರಿಯಲ್ಲಿ ಇಳಿಯುವಾಗ ಸ್ವೆಟರ್ ಹುಡುಕುವುದು ಈ ಲೆಕ್ಕದಿಂದ. ಒಂದು ಉಷ್ಣತಾಮಾಪಕ ಕಿಸೆಯಲ್ಲಿಟ್ಟುಕೊಂಡು ಅರಂತೋಡು, ಜೋಡುಪಾಲ, ಮಡಿಕೇರಿಗಳಲ್ಲಿ ಓದಿ ಬರೆದುಕೊಂಡರೆ ಹೈಸ್ಕೂಲು ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಪ್ರಯೋಗ ಬೇಡ. ಜೋಡುಪಾಲದ ಹೆಸರು ಬಂದಾಗ 2018ರ ಆಗಸ್ಟ್ ನೆನಪಾಗದೆ ಇರದು. ಆ ಮಳೆಯಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು, ಮನೆಗಳು ಹೋದವು, ಈ ರಸ್ತೆ ಮುಚ್ಚಿಹೋಗಿ ಸುಳ್ಯ ಮಡಿಕೇರಿಗಳ ನಡುವಿನ ಸಂಪರ್ಕವೇ ಕಡಿದಿತ್ತು.

ಮಡಿಕೇರಿಯಲ್ಲಿ ಇನ್ನೊಬ್ಬ ಮೇಷ್ಟ್ರು. ಜಾರ್ಜ್ ರಿಕ್ಟರ್, ಬಾಸೆಲ್ ಮಿಷನ್ನಿನವರೇ, ಸರಕಾರಿ ಸೆಂಟ್ರಲ್ ಶಾಲೆಯ ಮುಖ್ಯಸ್ಥರಾಗಿ ದುಡಿದವರು. ವಿಜ್ಞಾನದ ವಿದ್ಯಾರ್ಥಿಗಳಿಗೆ ಮೊಗ್ಲಿಂಗ್‌ಗಿಂತ ರಿಕ್ಟರ್ ಹತ್ತಿರವೆನಿಸಿದರೆ ಆಶ್ಚರ್ಯವಿಲ್ಲ. ಶಾಲೆಯ ಕೆಲಸದ ನಡುವೆ ಅವರು ಕೊಡಗನ್ನು ಅಂಗುಲ ಅಂಗುಲವಾಗಿ ನೋಡಿ ಬರೆದರು. 1870ರಲ್ಲಿ ಬಂದ ಅವರ ‘ಮ್ಯಾನುವಲ್ ಆಫ್ ಕೂರ್ಗ್’ನಲ್ಲಿ ಬೆಟ್ಟ, ಹೊಳೆ, ಹವೆ, ಮರಗಿಡ, ಪ್ರಾಣಿಪಕ್ಷಿ, ಜನ, ಬೇಸಾಯ, ಇತಿಹಾಸ ಎಲ್ಲವೂ ಇವೆ. ಜನರ ಬಗ್ಗೆ ಬರೆದದ್ದರಲ್ಲಿ ಸಾಹೇಬರ ದೊಡ್ಡಸ್ತಿಕೆ ಅಲ್ಲಲ್ಲಿ ಇಣುಕುತ್ತದೆ, ಒಪ್ಪಬೇಕಾದ್ದಿಲ್ಲ. ಆದರೆ ಪಾಠ ಹೇಳಲು ಬಂದವನೊಬ್ಬ ರಜಾದಿನಗಳನ್ನು ಹೇಗೆ ಕಳೆಯಬಹುದು ಎಂಬುದಕ್ಕೆ ಆ ಪುಸ್ತಕ ಉತ್ತರ. ಅದೇ ವರ್ಷ ಗ್ರೇಟರ್ ಎಂಬ ಇನ್ನೊಬ್ಬ ಮಿಷನರಿ ಕೊಡವರ ಹಾಡುಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ರಿಕ್ಟರರ ಪುಸ್ತಕ ಹೊರಬಂದದ್ದು ಮಂಗಳೂರಿನ ಬಾಸೆಲ್ ಮಿಷನ್ನಿನಿಂದ. ಮಡಿಕೇರಿಯಲ್ಲಿ ಬರೆದದ್ದು ಅಚ್ಚಾಗಲು ಘಾಟಿ ಇಳಿಯಬೇಕಿತ್ತು.

ಮುಂದೆ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಇದೇ ಘಾಟಿ ಹತ್ತಿ ಮಡಿಕೇರಿಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾದರು. ಕೊಂಕಣಿ ಮನೆಮಾತಿನ ಅವರು ಕನ್ನಡದ ಮಕ್ಕಳಿಗೆ ಪದ್ಯ ಕೊಟ್ಟರು, ಕೊಡಗಿಗೆ ‘ಹುತ್ತರಿ ಹಾಡು’ ಕೊಟ್ಟರು.

ಕಡಬದ ಕಡೆಗೆ

ಹೆದ್ದಾರಿ ಹಿಡಿದು ಹೋದವರಿಗೆ ಈ ಸೀಮೆಯ ಅರ್ಧ ಮಾತ್ರ ಕಾಣುತ್ತದೆ. ಹೊರಗಿನಿಂದ ಬಂದ ಮೇಷ್ಟ್ರಿಗೆ ಈಗ ಶನಿವಾರ ಮಧ್ಯಾಹ್ನ ಬಿಡುವು ಸಿಕ್ಕರೆ ಹೋಗಬೇಕಾದ್ದು ಕಡಬದ ಕಡೆಗೆ. ಪುತ್ತೂರು, ಸುಳ್ಯ ತಾಲೂಕುಗಳಿಂದ ಗ್ರಾಮಗಳನ್ನು ಬೇರ್ಪಡಿಸಿ ಮಾಡಿದ ಹೊಸ ತಾಲೂಕು ಇದು. ಕುಕ್ಕೆ ಸುಬ್ರಹ್ಮಣ್ಯ ಈಗ ಇದರಲ್ಲಿ. ಕುಮಾರಧಾರಾ ನದಿ ಘಟ್ಟದಿಂದಿಳಿದು ಈ ತಾಲೂಕಿನ ಮೈಮೇಲೆ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಮೇಲೆ 1,712 ಮೀಟರಿನ ಕುಮಾರಪರ್ವತ. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಮಳೆಗಾಲದಲ್ಲಿ ಇಂಬಳಗಳಿಗೆ ರಕ್ತದಾನ ಕಡ್ಡಾಯ. ಕಾರಂತರ ‘ಬೆಟ್ಟದ ಜೀವ’ ಓದಿದವರಿಗೆ ಈ ಕಾಡಿನ ಅಂಚು ಹೊಸದಲ್ಲ. ದಾರಿ ತಪ್ಪಿದ ಅಪರಿಚಿತನನ್ನು ಮನೆಗೆ ಕರೆದು ಉಣಬಡಿಸಿ ದಿನಗಟ್ಟಲೆ ಉಳಿಸಿಕೊಳ್ಳುವ ಗೋಪಾಲಯ್ಯನವರ ಮನೆ ಕಾದಂಬರಿಯಲ್ಲಿ ಇರುವುದು ಈ ಬೆಟ್ಟಗಳ ನೆರಳಿನಲ್ಲಿಯೇ.

ಕಡಬ, ಸುಳ್ಯಗಳ ರಬ್ಬರ್ ತೋಟಗಳಲ್ಲಿ ಇನ್ನೊಂದು ಪರದೇಶದ ಕತೆ ಇದೆ, ಅದನ್ನು ಪ್ರವಾಸಿಗರು ಕೇಳುವುದು ಕಡಿಮೆ. ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಸಿಲೋನಿನ ಚಹಾ ತೋಟಗಳಿಗೆ ಕೂಲಿಗಳಾಗಿ ಹೋದವರ ಮಕ್ಕಳು ಮೊಮ್ಮಕ್ಕಳು, 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಮೇಲೆ ಭಾರತಕ್ಕೆ ಮರಳಬೇಕಾಯಿತು. ಅವರಲ್ಲಿ ಕೆಲವರಿಗೆ ನೆಲೆ ಸಿಕ್ಕಿದ್ದು ಸರಕಾರ ಇಲ್ಲಿ ಎಬ್ಬಿಸಿದ ರಬ್ಬರ್ ತೋಟಗಳಲ್ಲಿ, ಈಗ ಅರಣ್ಯ ಅಭಿವೃದ್ಧಿ ನಿಗಮದ ಆಡಳಿತದಲ್ಲಿರುವಂಥವು. ಹುಟ್ಟಿದ ದೇಶ ಬಿಟ್ಟು, ಎಂದೂ ಕಾಣದ ‘ಸ್ವದೇಶ’ಕ್ಕೆ, ಅಲ್ಲಿಯೂ ತಮಿಳಿಲ್ಲದ ಊರಿಗೆ ಬಂದವರು. ಬೆಳಗಿನ ಜಾವ ಮರಕ್ಕೆ ಗೀರು ಹಾಕಿ ಹಾಲು ಇಳಿಸುವುದು ಅವರ ದಿನದ ಆರಂಭ. ಮಕ್ಕಳು ಹೋಗುವುದು ಊರಿನ ಕನ್ನಡ ಶಾಲೆಗೆ. ಮನೆಯಲ್ಲಿ ತಮಿಳು, ಆಟದ ಬಯಲಿನಲ್ಲಿ ತುಳು, ಪುಸ್ತಕದಲ್ಲಿ ಕನ್ನಡ, ಪರೀಕ್ಷೆಯಲ್ಲಿ ಇಂಗ್ಲಿಷ್. ಕೇರಳದಿಂದ ವಲಸೆ ಬಂದು ಕಡಬ, ನೆಲ್ಯಾಡಿಯ ಗುಡ್ಡಗಳಲ್ಲಿ ರಬ್ಬರ್ ಹಾಕಿದ ಕುಟುಂಬಗಳ ಮಕ್ಕಳಿಗೆ ತಮಿಳಿನ ಜಾಗದಲ್ಲಿ ಮಲಯಾಳ. ಮೊಗ್ಲಿಂಗರ ತರಗತಿಯಲ್ಲಿ ಇದ್ದ ಸ್ಥಿತಿಯೇ ಇದು. ಅವರ ಹೆಸರಿನಲ್ಲಿ ವಿಚಾರಸಂಕಿರಣ ನಡೆಯುತ್ತದೆ. ನಾಲ್ಕು ಭಾಷೆ ನಿಭಾಯಿಸುವ ರಬ್ಬರ್ ಕಾಲೊನಿಯ ಹುಡುಗಿಗೆ ‘ಇಂಗ್ಲಿಷಿನಲ್ಲಿ ವೀಕು’ ಎಂಬ ಷರಾ ಸಿಗುತ್ತದೆ.

ಅತ್ತ ಪೇಟೆಯ ಅನುಕೂಲಸ್ಥರ ಮಕ್ಕಳಲ್ಲಿ ಇನ್ನೊಂದು ನಷ್ಟ ಸದ್ದಿಲ್ಲದೆ ನಡೆದಿದೆ. 1844ರ ತಾಯಂದಿರಿಗೆ ತಾವು ಕಳೆದುಕೊಳ್ಳುವುದೇನೆಂದು ಗೊತ್ತಿತ್ತು, ಬೀದಿಗಿಳಿದು ಕೇಳಿದರು. ಈಗ ಬಾಲವಾಡಿಯಿಂದಲೇ ಇಂಗ್ಲಿಷಿಗೆ ಹಾಕಿ, ಮನೆಯಲ್ಲೂ ತುಳು ಬಿಟ್ಟು ಅರೆಬರೆ ಇಂಗ್ಲಿಷ್ ಆಡುವ ಮನೆಗಳಲ್ಲಿ ಅಜ್ಜಿಗೂ ಮೊಮ್ಮಗನಿಗೂ ನಡುವೆ ಮಾತು ತೆಳುವಾಗುತ್ತಿದೆ. ಇಂಗ್ಲಿಷ್ ಬೇಡವೆಂದು ಇದರ ಅರ್ಥವಲ್ಲ. ಬೇಕೇ ಬೇಕು. ಮೊಗ್ಲಿಂಗ್ ಕನ್ನಡ ಕಲಿತದ್ದು ಜರ್ಮನ್ ಮರೆತಲ್ಲ. 1860ರಲ್ಲಿ ಅವರು ಊರಿಗೆ ಮರಳಿದ ಮೇಲೂ ಕೊಡಗಿನ ಬಗ್ಗೆ ಜರ್ಮನಿನಲ್ಲಿ ಪುಸ್ತಕ ಬಂತು.

ಕಡಬ ತಾಲೂಕಿನ ನೆಟ್ಟಣದಲ್ಲಿ ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣವಿದೆ. ಕಬಕ ಪುತ್ತೂರಿನಿಂದ ಇಲ್ಲಿಗೆ ರೈಲಿನಲ್ಲಿ ಬಂದು, ಕುಕ್ಕೆಗೆ ಬಸ್ಸಿನಲ್ಲಿ ಹೋಗಿ, ಸಂಜೆ ಮರಳಬಹುದು. ಇಲ್ಲಿಂದ ಸಕಲೇಶಪುರದವರೆಗಿನ 55 ಕಿಲೋಮೀಟರ್ ಘಟ್ಟದ ಹಾದಿಯಲ್ಲಿ 57 ಸುರಂಗಗಳು. ಮೀಟರ್‌ಗೇಜ್ ಹಳಿ 1996ರಲ್ಲಿ ನಿಂತು, ಬ್ರಾಡ್‌ಗೇಜಿನಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಕೊನೆಗೆ. ಬೆಂಗಳೂರಿನ ಹಗಲು ರೈಲು ಇಲ್ಲಿ ನಿಂತಾಗ ಫಲಕದ ಮೇಲೆ ಊರ ಹೆಸರು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಕಾಣುತ್ತದೆ. ಇಳಿದವರು ಗಂಟುಮೂಟೆ ಎತ್ತಿಕೊಳ್ಳುತ್ತ ತುಳುವಿನಲ್ಲಿ ಜೀಪಿನ ಬಾಡಿಗೆ ಚರ್ಚೆ ಮಾಡುತ್ತಾರೆ, ಚಾಲಕ ಮಲಯಾಳದಲ್ಲಿ ಯಾರಿಗೋ ಫೋನು ಮಾಡಿ ಬರುತ್ತೇನೆ ಎಂದು ಹೇಳಿ, ಕನ್ನಡದಲ್ಲಿ ದರ ಹೇಳುತ್ತಾನೆ.